ಆಷಾಢದ ಗಾಳಿ ಬಾರದ ಮನೆ

ವಿಜಯನಗರದ ಹೊಸ ಫ್ಲಾಟಿನಲ್ಲಿ ಊದುಬತ್ತಿ ಹಚ್ಚಿದೆ. ಆ ಪರಿಮಳಕ್ಕೆ ರಾಜಾಜಿನಗರದ ಹಳೆಯ ಮನೆ ನೆನಪಾಯಿತು.

ಆಷಾಢ ಬಂತೆಂದರೆ ಅಜ್ಜಿ ಪೂಜೆ ಮುಗಿಸಿ, ಉರಿಯುವ ಊದುಬತ್ತಿ ಹಿಡಿದೇ ಕೋಣೆ ಕೋಣೆ ಸುತ್ತುತ್ತಿದ್ದರು. ಹೊಗೆ ಬಾಗುವ ದಿಕ್ಕು ನೋಡಿ ಪಶ್ಚಿಮದ ಕಿಟಕಿಯನ್ನು ಅರ್ಧ ಮುಚ್ಚಿ, ಅಡುಗೆಮನೆಯ ಗವಾಕ್ಷಿಯನ್ನು ಹಗ್ಗ ಎಳೆದು ತೆರೆಯುತ್ತಿದ್ದರು.

"ಗಾಳಿ ಒಳಗ್ ಬಂದ್ರೆ ಸಾಲ್ದು ಕಣೋ, ಆಚೆ ಹೋಗೋಕೂ ದಾರಿ ಬಿಡ್ಬೇಕು."

ಆ ಮನೆಯಲ್ಲಿ ಫ್ಯಾನ್ ತಿರುಗುತ್ತಿದ್ದುದೇ ಅಪರೂಪ.

ಈ ಫ್ಲಾಟಿನ ಕಿಟಕಿಗಳೆಲ್ಲ ಒಂದೇ ಕಡೆ, ಅದೂ ಕೈಗೆಟುಕುವ ಪಕ್ಕದ ಮನೆ ಗೋಡೆಗೆ ಎದುರಾಗಿ. ಕೇಳಿದರೆ ಬಿಲ್ಡರ್ ನಗುತ್ತಾನೆ: "ಎಸಿ ಪಾಯಿಂಟ್ ಕೊಟ್ಟಿದೀವಲ್ಲ ಸಾರ್!"

ಪುಕ್ಕಟೆ ಗಾಳಿಯನ್ನು ತಡೆದು, ಕರೆಂಟ್ ಬಿಲ್ಲು ಕಟ್ಟು ಅನ್ನುವವನ ಬುದ್ಧಿಗೆ ಏನನ್ನಬೇಕು?

ಹೊರಗೆ ತೆಂಗಿನ ಗರಿ ಮುರಿಯುವಂಥ ಗಾಳಿ. ಒಳಗೆ ನನ್ನ ಊದುಬತ್ತಿಯ ಹೊಗೆ ಕದಲದೆ ನೆಟ್ಟಗೆ ನಿಂತಿದೆ.