ಕುಡಿ ಚಿವುಟಿದ ಸೇವಂತಿಗೆ

ಲಕ್ಷ್ಮೇಶ್ವರದಿಂದ ಬೆಟಗೇರಿಯ ನೇಕಾರರ ಮನೆಗೆ ನಾನು ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಮನೆಯಲ್ಲಿ ಎರಡು ಮಗ್ಗ. ಒಂದರಲ್ಲಿ ಮಾವ, ಇನ್ನೊಂದರಲ್ಲಿ ನನ್ನ ಗಂಡ. ಹಿತ್ತಿಲು ಮಾತ್ರ ಅತ್ತೆಯದು. ಅಲ್ಲಿ ನಾಲ್ಕು ಸಾಲು ಹಳದಿ ಸೇವಂತಿಗೆ. ಹೂ ಮುಗಿದ ಮೇಲೆ ಬುಡದಿಂದ ಏಳುವ ಮರಿಗಳನ್ನು ಬೇರುಸಹಿತ ಬಿಡಿಸಿ, ಬೇಸಿಗೆಯಿಡೀ ಪಾತ್ರೆ ತೊಳೆದ ನೀರು ಹಾಕಿ ಉಳಿಸಿಕೊಂಡು, ಮಳೆ ಬಿದ್ದ ಕೂಡಲೇ ನೆಡುತ್ತಿದ್ದರು. ನವರಾತ್ರಿಗೆ ಓಣಿಯ ಅರ್ಧ ಮನೆಗಳಿಗೆ ಹೂ ಹೋಗುತ್ತಿದ್ದುದು ಅಲ್ಲಿಂದಲೇ. ಆ ಗಿಡ ಮುಟ್ಟಲು ನನಗೆ ಅಪ್ಪಣೆ ಇರಲಿಲ್ಲ.

ಎರಡನೆಯ ವರ್ಷದ ಆಷಾಢದಲ್ಲಿ ಒಂದು ದಿನ ನಾನು ಹಿತ್ತಿಲ ಬಾಗಿಲ ಅಗಳಿ ಹಾಕುವುದನ್ನು ಮರೆತೆ. ಪಕ್ಕದ ಮನೆಯ ಆಡು ನುಗ್ಗಿ ಎರಡು ಸಾಲಿನ ಕುಡಿಯನ್ನೆಲ್ಲ ಮೇಯ್ದು ಹೋಯಿತು. ಅತ್ತೆ ಬೈಯಲಿಲ್ಲ. ಬೈದಿದ್ದರೇ ಚಲೋ ಇತ್ತು.

“ಇರ್ಲಿ ಬಿಡವಾ, ನಿನಗಿನ್ನೂ ಇದು ನಮ್ಮ ಮನಿ ಅನಿಸಿಲ್ಲ,” ಅಂದು ಒಳಗೆ ಹೋದರು.

ಆ ಮಾತು ಎದೆಗೆ ನಾಟಿತು. ಅಂದಿನಿಂದ ಆ ಮೊಂಡು ಗಿಡಗಳಿಗೆ ಬೆಳಿಗ್ಗೆ ಎದ್ದ ಕೂಡಲೇ ನಾನೇ ನೀರು ಹಾಕತೊಡಗಿದೆ. ಅತ್ತೆ ಬೇಡ ಅನ್ನಲಿಲ್ಲ. ಕೆಲವೇ ದಿನಗಳಲ್ಲಿ ಒಂದೊಂದು ಎಲೆಯ ಸಂದಿಯಿಂದಲೂ ಹೊಸ ಕವಲು ಒಡೆಯಿತು. ನವರಾತ್ರಿ ಬಂದಾಗ ಆಡು ಮುಟ್ಟದ ಸಾಲುಗಳು ಉದ್ದಕ್ಕೆ ಬೆಳೆದು ವಾಲಿದ್ದವು, ತುದಿಯಲ್ಲಷ್ಟೇ ಹೂ. ಮೇಯ್ದ ಸಾಲುಗಳು ಮೊಣಕಾಲೆತ್ತರಕ್ಕೆ ಬುಟ್ಟಿಯ ಹಾಗೆ ಹರಡಿ, ಎಲೆ ಕಾಣದಷ್ಟು ಹೂ ಬಿಟ್ಟಿದ್ದವು. ಅತ್ತೆ ನಾಲ್ಕೂ ಸಾಲುಗಳನ್ನು ಸುತ್ತಿ ನೋಡಿದರು. ಮರುವರ್ಷ ಆಷಾಢದಲ್ಲಿ ತಾವಾಗಿಯೇ ಕರೆದರು.

“ಬಾರವಾ, ಹ್ವಾದ ವರ್ಷ ಆಡು ಮಾಡಿದ ಕೆಲಸ ಈ ವರ್ಷ ನೀ ಮಾಡು.”

ನಾಲ್ಕೂ ಸಾಲಿನ ಕುಡಿಗಳನ್ನು ಉಗುರಿನಿಂದ ಚಿವುಟಿದೆ. ಆ ದೀಪಾವಳಿಗೆ ಬಂದ ಅತ್ತೆಯ ತಮ್ಮ ಹಿತ್ತಿಲು ನೋಡಿ ಬೆರಗಾದರು. ಅವರು ಹೊಂಬಳದಲ್ಲಿ ಒಕ್ಕಲುತನ ಮಾಡುವವರು. ಜೋಳ, ಶೇಂಗಾ, ಹತ್ತಿ ಬಿಟ್ಟರೆ ಬೇರೆ ಬೆಳೆದವರಲ್ಲ. ಹೂ ಮುಗಿದ ಮೇಲೆ ಮತ್ತೆ ಬಂದು, ನಮಗೆ ಬೇಕಾದಷ್ಟು ಬಿಟ್ಟು ಉಳಿದ ಮರಿಗಳನ್ನೆಲ್ಲ ಹಸಿ ಗೋಣಿಚೀಲದಲ್ಲಿ ಸುತ್ತಿಕೊಂಡು ಹೋಗಿ, ಬಾವಿಯ ಮಗ್ಗುಲಲ್ಲಿ ಬೆಳೆಸಿ, ಮಳೆಗಾಲಕ್ಕೆ ಹತ್ತು ಸಾಲು ನೆಟ್ಟರು.

ಕುಡಿ ಚಿವುಟುವ ಹೊತ್ತಿಗೆ ಅತ್ತೆ ನನ್ನನ್ನು ಕರೆದುಕೊಂಡು ಬಸ್ಸಿನಲ್ಲಿ ಹೊಂಬಳಕ್ಕೆ ಹೋದರು. ನಾನು ಮೊದಲ ಗಿಡಕ್ಕೆ ಕೈ ಹಾಕಿದ್ದೇ ತಡ, ಅತ್ತೆಯ ತಮ್ಮ ಓಡಿ ಬಂದರು.

“ನಿಂದ್ರವಾ! ಹೂವಿಗಂತ ಹಚ್ಚೇನಿ, ಪಲ್ಯಾ ಮಾಡಾಕಲ್ಲ!”

“ಚಿವುಟಿದ್ರನ ಕವಲು ಒಡೀತಾವ್ರಿ ಮಾವಾರ,” ಅಂದೆ.

ಕಳೆ ತೆಗೆಯುತ್ತಿದ್ದ ಹೆಂಗಸರು ನಕ್ಕರು. “ಮಗ್ಗದ ಮನ್ಯಾಕಿ ನಮಗ ಒಕ್ಕಲುತನ ಕಲಿಸಾಕ ಬಂದಾಳ ನೋಡ್ರಿ,” ಅಂದಳು ಅವರಲ್ಲೊಬ್ಬಳು. ನಾನು ಗಿಡದಿಂದ ಕೈ ಹಿಂದೆ ತೆಗೆದೆ. ಬದುವಿನ ಮೇಲೆ ಕುಳಿತಿದ್ದ ಅತ್ತೆ ಎದ್ದರು.

“ತಮ್ಮಾ, ಐದು ಸಾಲು ಆಕಿಗೆ ಬಿಡು, ಐದು ನಿನ್ನ ಮರ್ಜಿ. ಹೂ ಬಿಟ್ಟ ಮ್ಯಾಲ ಮಾತಾಡೂಣು.”

ಐದು ಸಾಲು ಚಿವುಟಿ, ಯಾರ ಮುಖವನ್ನೂ ನೋಡದೆ ಊರಿಗೆ ಮರಳಿದೆ. ದೀಪಾವಳಿ ಹತ್ತಿರ ಬಂದಾಗ ಮನೆ ಮುಂದೆ ಟ್ರ್ಯಾಕ್ಟರ್ ನಿಂತಿತು. ಹೊಂಬಳದ ಮಾವ ದೊಡ್ಡ ಬುಟ್ಟಿ ತುಂಬ ಹೂ ಹೊತ್ತು ಹೊಸ್ತಿಲಲ್ಲಿ ನಿಂತಿದ್ದರು.

“ಅಕ್ಕಾ, ನಿನ್ನ ಸೊಸಿ ಎಲ್ಲದಾಳ? ಖರೆ ಹೇಳ್ತೀನಿ, ಆಕಿ ಐದು ಸಾಲಿನ ಮುಂದ ನನ್ನ ಐದು ಸಾಲು ತಲಿ ತಗ್ಗಿಸಿ ನಿಂತಾವ. ಮುಂದಿನ ವರ್ಷ ಎಲ್ಲಾ ಈಕಿ ಕೈಲೇ ಆಗಬೇಕು.”

ಮಗ್ಗದ ಸದ್ದು ನಿಂತಿತು. ನೇಯುತ್ತಿದ್ದ ನನ್ನ ಗಂಡ, ಅವರಪ್ಪ ಇಬ್ಬರೂ ಹೊರಗೆ ಬಂದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಅಂದರು: “ಬರ್ತಾಳ. ಆದ್ರ ಆಕಿ ಕೆಲಸಾ ಮಾಡುಮುಂದ ಯಾರೂ ಅಡ್ಡ ಮಾತಾಡಬಾರದು.”

ಅಷ್ಟು ಗಟ್ಟಿಯಾಗಿ ಅವರು ನನ್ನ ಪರ ಮಾತಾಡಿದ್ದು ಅದೇ ಮೊದಲು. ನಾನು ಹಿಗ್ಗಿನಿಂದ ಮುಂದೆ ಬಂದು ಆ ಬುಟ್ಟಿ ಇಳಿಸಿಕೊಂಡೆ.

ಮರುವರ್ಷ ಹೊಂಬಳದ ಹೆಂಗಸರೂ ನನ್ನ ಜೊತೆ ಸಾಲು ಹಿಡಿದರು. ಹಿಂದಿನ ವರ್ಷ ಅಣಕಿಸಿದವಳು ಕುಡಿಯನ್ನು ತೀರ ಕೆಳಗೆ ಚಿವುಟುತ್ತಿದ್ದಳು. ಅವಳ ಕೈ ಹಿಡಿದು, ಎಲ್ಲಿ ಉಗುರು ಇಡಬೇಕೆಂದು ತೋರಿಸಿದೆ. ಮಧ್ಯಾಹ್ನ ಬೇವಿನ ನೆರಳಲ್ಲಿ ಅವರೆಲ್ಲ ಸರಿದು ಕುಳಿತು ನನಗೆ ನಡುವೆ ಜಾಗ ಬಿಟ್ಟರು. ಅವಳೇ ತನ್ನ ಗಂಟು ಬಿಚ್ಚಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಕೊಟ್ಟಳು.

“ಉಣ್ರಿ ಅಕ್ಕಾರ. ಉಂಡ ಮ್ಯಾಲ ನನ್ನ ಸಾಲು ಒಮ್ಮಿ ನೋಡಿ ಹೇಳ್ರಿ.”