ಉಡಿಯೊಳಗಿನ ವಾಲಬಿ

ನಾಲ್ಕು ದಿನ ನನ್ನ ಉಡಿಯಲ್ಲಿ ಒಂದು ಮರಿ ಮಲಗಿತ್ತು. (ಗಾಬರಿ ಬೇಡ, ನನ್ನ ಮದುವೆಗೆ ಇನ್ನೂ ಟೈಮ್ ಇದೆ.) ಅದು ವಾಲಬಿ ಮರಿ. ಕಾಂಗರೂವಿನ ಗಿಡ್ಡ ತಂಗಿ ಅಂದುಕೊಳ್ಳಿ.

ನಾನೀಗ ಊರಿಂದ ದೂರದ ಝೂ ಒಂದರಲ್ಲಿ ಇಂಟರ್ನ್. ಕೆಲಸ ಏನು? ಹಕ್ಕಿಗಳಿಗೆ ಕಾಳು, ವಾಲಬಿಗಳಿಗೆ ಸೊಪ್ಪು, ಎರಡೂ ಕಡೆ ಕಸಬರಿಗೆ. ಶಹಾಪುರದ ಕಡೆ ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲ ಜೀವ ನಾನು. ಝೂವಾಲಜಿ, ಫಸ್ಟ್ ಕ್ಲಾಸ್. ಹೇಳಿಕೊಳ್ಳೋಕೆ ನನಗೇನೂ ನಾಚಿಕೆಯಿಲ್ಲ.

ಹೋದ ವಾರ ಬೀದಿನಾಯಿಯೊಂದು ಬೇಲಿ ಹತ್ತಿರ ಬಂದು ಬೊಗಳಿತು. ತಾಯಿ ವಾಲಬಿ ಬೆದರಿ ಓಡಿತು. ಓಡುವಾಗ ಹೊಟ್ಟೆಯ ಚೀಲದಿಂದ ಮರಿ ಬಿತ್ತು. ತಾಯಿ ಮತ್ತೆ ಅದನ್ನು ಹತ್ತಿರ ಸೇರಿಸಲೇ ಇಲ್ಲ. ಪುಸ್ತಕದಲ್ಲಿ ಓದಿದ ಹಾಗೆ ಮರಿಯನ್ನು ಬಟ್ಟೆಚೀಲದಲ್ಲಿಟ್ಟು, ಬೆಚ್ಚಗಿನ ಕೋಣೆಯ ಮೊಳೆಗೆ ತೂಗುಹಾಕಿದೆ. ಬಾಟಲಿ ಹಿಡಿದರೆ ಬಾಯೇ ತೆರೆಯಲೊಲ್ಲದು. ಇವತ್ತು ಹಾಲು ಕುಡಿಯದಿದ್ದರೆ ನಾಳೆಗೆ ಉಳಿಯೋದಿಲ್ಲ ಅಂದರು ನಮ್ಮ ಹಿರಿಯ ಕೀಪರ್ ಚಾಚಾ.

ಅವ್ವನಿಗೆ ಫೋನ್ ಹಚ್ಚಿದೆ. ಅವಳು ಯಾರದೋ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದಳು. ಡಿಗ್ರಿ ಓದಿದಾಕಿ ನನ್ನ ಕೇಳಾಕತ್ತಿ ಅಂತ ಮೊದಲು ನಕ್ಕಳು. ಆಮೇಲೆ ಪೂರ್ತಿ ಕೇಳಿಸಿಕೊಂಡಳು.

"ಮೊಳಿಗೆ ಜೋತುಬಿದ್ದ ಕೂಸು ಹಾಲು ಹೆಂಗ ಕುಡೀತದ ಯವ್ವಾ? ಉಡಿ ಕಟ್ಟು. ಒಳಗ ಹಾಕ್ಕೊಂಡು ನಿನ್ನ ಕೆಲಸ ಮಾಡು. ತಾಯಿ ನಡದಾಡಾಕತ್ತಾಳ ಅಂತ ಅದಕ ತಿಳೀಬೇಕು."

ಹತ್ತಿ ಬಿಡಿಸುವವರು ಹೊಟ್ಟೆಯ ಮುಂದೆ ಬಟ್ಟೆ ಕಟ್ಟಿಕೊಳ್ಳೋದು ನೋಡಿದ್ದೀರಲ್ಲ? ದುಪಟ್ಟಾವನ್ನು ಹಾಗೇ ಕಟ್ಟಿದೆ. ರಜೆಯಲ್ಲಿ ಅವ್ವನ ಜೊತೆ ಹತ್ತಿ ಬಿಡಿಸಿದ ರೂಢಿ ನೋಡಿ, ಕೈತುಂಬ ಹತ್ತಿ ತುರುಕೋ ಹಾಗೆ ಬಾಯಿ ಅಗಲ ಬಿಟ್ಟುಬಿಟ್ಟಿದ್ದೆ. ಮರಿ ತಲೆಕೆಳಗಾಗಿ ಜಾರಿತು. ಪುಣ್ಯಕ್ಕೆ ಚಾಚಾ ಹಿಡಿದರು.

"ಹತ್ತಿ ಬಿದ್ರ ಆರಿಸ್ಕೋಬಹುದು, ಬೇಟಿ," ಅಂದರು. ಗಂಟು ಬಿಗಿ ಮಾಡಿದೆ.

ಹಕ್ಕಿಗಳ ದೊಡ್ಡ ಪಂಜರದೊಳಗೆ ಕಾಳು ಚೆಲ್ಲುತ್ತಾ ನಡೆದೆ. ಬಲೆಯಿಂದ ಸೋಸಿ ಬೀಳುವ ಬಿಸಿಲು. ತಲೆಯ ಮೇಲೆ ಗಿಳಿಗಳ ಗುಸುಗುಸು. ಹೊಟ್ಟೆಯ ಹತ್ತಿರ ಒಂದು ಹಿಡಿ ಬೆಚ್ಚಗಿನ ಜೀವ. ನಡೆಯುತ್ತಾ ನಡೆಯುತ್ತಾ ನಾನು ಎಲ್ಲಿದ್ದೇನೆ ಅನ್ನೋದೇ ಮಸುಕಾಯಿತು. ನಮ್ಮೂರ ಕಾಲುವೆ ನೀರು ಹೊಲಕ್ಕೆ ಇಳಿಯುವ ಸದ್ದು ಬಂತೇ? ಆಗಷ್ಟೇ ನಾಟಿ ಮಾಡಿದ ಭತ್ತದ ನಡುವೆ ಬೆಳ್ಳಕ್ಕಿಯೊಂದು ಒಂಟಿಕಾಲಲ್ಲಿ ನಿಂತಿತ್ತೇ? ಯಾರೂ ಯಾರನ್ನೂ ಅವಸರ ಮಾಡದ ಮಧ್ಯಾಹ್ನ ಅದು. ಆ ಮಂಪರಿನಲ್ಲೇ ಬಾಟಲಿ ಹಿಡಿದೆ.

ಚಪ್, ಚಪ್. ಕುಡಿಯಿತು.

ನಾಲ್ಕನೇ ದಿನ ಡಾಕ್ಟರ್ ಬಂದು ನೋಡಿದರು. ಮರಿ ಗಟ್ಟಿಯಾಗಿದೆ, ಇನ್ನು ಬಟ್ಟೆಚೀಲದಲ್ಲಿಟ್ಟು ಉಳಿದ ವಾಲಬಿಗಳ ಪಕ್ಕದಲ್ಲೇ ಬಿಡಬೇಕು, ನಿನಗೇ ಅಂಟಿಕೊಂಡರೆ ಅದು ತನ್ನವರ ಜೊತೆ ಬಾಳಲಾರದು ಅಂದರು. ಸರಿ ಅಂತ ತಲೆಯಾಡಿಸಿದೆ. ಕೈ ಮಾತ್ರ ಗಂಟಿನ ಹತ್ತಿರ ಹೋಗಲೊಲ್ಲದು. ಚಾಚಾ ಕಾಯುತ್ತಾ ನಿಂತರು. ನಾನು ಮತ್ತೆ ಅವ್ವನಿಗೆ ಫೋನ್ ಮಾಡಿ, ಕೂಸನ್ನು ಕೆಳಗಿಳಿಸೋದು ಹೆಂಗ ಅಂತ ಕೇಳಿದೆ.

ಅವ್ವ ತಿರುಗಿ ನನ್ನನ್ನೇ ಕೇಳಿದಳು.

"ಏಳು ವರ್ಷದ ನಿನ್ನ ಹಾಸ್ಟೆಲ್‌ನ್ಯಾಗ ಬಿಟ್ಟು ಬಸ್ ಹತ್ತುವಾಗ ನನಗ ಯಾರು ಹೇಳಿಕೊಟ್ಟಿದ್ರು?"