ಕುಂಡದ ಎಲೆ, ಗುಡ್ಡದ ಎಲೆ

ಹೆಡ್ವಿಕಾ ಕುಬೇಶೋವಾಳ ಸಿಟ್ಟು ಇಡೀ ಸಸ್ಯಶಾಸ್ತ್ರ ಸಂಸ್ಥೆಗೆ ಗೊತ್ತು. ಅವಳು ಕೂಗಾಡುವವಳಲ್ಲ. ಸಿಟ್ಟು ಬಂದರೆ ತಕ್ಕಡಿಯನ್ನು ಸೊನ್ನೆಗೆ ತಂದು, ಆಗಲೇ ತೂಗಿದ್ದನ್ನು ಇನ್ನೊಮ್ಮೆ ತೂಗುತ್ತಾಳೆ. ಆ ಸದ್ದು ಕೇಳಿದರೆ ಪಕ್ಕದ ಕೋಣೆಯವರು ಮೆಲ್ಲಗೆ ಬಾಗಿಲು ಮುಂದೆ ಮಾಡಿಕೊಳ್ಳುತ್ತಾರೆ.

ಆ ಜುಲೈಯಲ್ಲಿ ತೂಗಲು ಕೈಯಲ್ಲಿ ಏನೂ ಇರಲಿಲ್ಲ. ಒಂದು ವರದಿ ಮಾತ್ರ ಇತ್ತು. ಅವಳು ಹುಟ್ಟಿದ ಹಳ್ಳಿಯ ಮೇಲಿರುವ ಲಿಪೊವಿನಾ ಹುಲ್ಲುಗಾವಲಿನ ಮೇಲ್ಮಣ್ಣು ಕೆತ್ತಿ, ಸ್ಕೀ ಆಟದ ಇಳಿಜಾರಿಗೆ ಕೃತಕ ಹಿಮ ತಯಾರಿಸಲು ನೀರಿನ ಕೊಳ ತೋಡುವ ಯೋಜನೆಯದು. ಮಣ್ಣುಸಮೇತ ಕೆತ್ತಿದ ಹುಲ್ಲಿನ ಹೆಂಟೆಗಳನ್ನು ಕೊಳದ ಸುತ್ತ ಮತ್ತೆ ಹಾಸುತ್ತಾರಂತೆ, ಮೂರು ನಾಲ್ಕು ವರ್ಷದಲ್ಲಿ ಹುಲ್ಲುಗಾವಲು ಮೊದಲಿನಂತಾಗುತ್ತದಂತೆ. ಬರೆದವನು ವಿಲೆಮ್. ಹಿಂದೆ ಅವಳ ವಿದ್ಯಾರ್ಥಿಯಾಗಿದ್ದವನು ಈಗ ಅವಳಿಗೇ ಮುಖ್ಯಸ್ಥ. ಎರಡನೆಯ ಸಹಿಗಾಗಿ ಅವಳ ಹೆಸರಿನ ಕೆಳಗೆ ಜಾಗ ಬಿಟ್ಟಿದ್ದ.

ಅವಳ ವಿದ್ಯೆಯನ್ನು ಹಳ್ಳಿಯವರಿಗೆ ಹೇಳುವುದು ಕಷ್ಟವೇನಲ್ಲ. ಗಿಡದ ಹೆಸರು ಗೊತ್ತಿದ್ದರೆ ಸಾಲದು, ಅದರ ನಡತೆ ಗೊತ್ತಿರಬೇಕು. ಎಲೆಯ ಅಗಲವನ್ನು ಅದರ ಒಣತೂಕದ ಜೊತೆ ಇಟ್ಟು ನೋಡಿದರೆ ನಡತೆ ತಿಳಿಯುತ್ತದೆ. ತೂಕ ಕಡಿಮೆ, ಅಗಲ ಹೆಚ್ಚು ಇದ್ದರೆ ಆ ಗಿಡ ಅವಸರದ್ದು. ಬೇಗ ಬೆಳೆಯುತ್ತದೆ, ಕಿತ್ತರೂ ಬೇಗ ಬರುತ್ತದೆ. ಕಿರಿದಾದ ಎಲೆಯೂ ಹೆಚ್ಚು ತೂಗಿದರೆ ಅದು ನಿಧಾನದ ಗಿಡ. ಒಮ್ಮೆ ಕಿತ್ತರೆ ಹೋಯಿತು. ವಿಲೆಮನ ಲೆಕ್ಕದಲ್ಲಿ ಲಿಪೊವಿನಾದ ಬ್ರೋಮ್ ಹುಲ್ಲು ಅವಸರದ್ದಾಗಿತ್ತು. ಆ ಹುಲ್ಲುಗಾವಲಿನ ಅರ್ಧಕ್ಕಿಂತ ಹೆಚ್ಚು ಆ ಹುಲ್ಲೇ.

ಅಂಕಿಯನ್ನು ನೋಡಿದಾಗ ಅವಳಿಗೆ ಮೈ ಉರಿಯಿತು. ಅದು ಅವಳೇ ಅಳೆದ ಅಂಕಿ.

ಓದು ಮುಗಿಸಿದ ಹೊಸತರಲ್ಲಿ ಅವಳ ಪ್ರೊಫೆಸರು, "ಗುಡ್ಡ ಹತ್ತೋದಕ್ಕೆ ಹುಡುಗರಿದ್ದಾರೆ. ನಿನ್ನ ಕೈ ಮೃದು, ನೀನು ಗಾಜಿನ ಮನೆ ನೋಡ್ಕೋ," ಎಂದಿದ್ದರು. ಆರು ವರ್ಷ ಅವಳು ಗುಡ್ಡದ ಹುಲ್ಲುಗಳನ್ನು ಕುಂಡದಲ್ಲಿ ಬೆಳೆಸಿದಳು. ದಿನಾ ನೀರು, ತಂಪು ನೆರಳು, ಹದವಾದ ಗೊಬ್ಬರ. ಅಂಥ ಆರೈಕೆಯಲ್ಲಿ ಎಂಥ ಬಿಗಿ ಗಿಡವೂ ಮೆತ್ತಗೆ, ತೆಳ್ಳಗೆ ಎಲೆ ಬಿಡುತ್ತದೆ. ಅದು ಗೊತ್ತಿದ್ದೇ ಪ್ರತಿ ಅಂಕಿಯ ಮುಂದೆಯೂ 'ಕುಂಡ' ಎಂದು ಬರೆದಿದ್ದಳು. ಪ್ರೊಫೆಸರು ನಿವೃತ್ತರಾದ ವಾರವೇ ಗುದ್ದಲಿ ಹಿಡಿದು ಬೇರೆ ಬೇರೆ ಗುಡ್ಡ ಹತ್ತಿದಳು. ಎಲೆಯ ಸಹವಾಸ ಸಾಕೆಂದು ಬೇರು, ಗೆಡ್ಡೆ, ನೆಲದೊಳಗಿನ ಮೊಗ್ಗುಗಳಿಗೆ ಬದುಕನ್ನೇ ಕೊಟ್ಟಳು. ಈಗ ನೋಡಿದರೆ ಇಂಥ ವರದಿಗೆ ಕಚೇರಿ ಕೊಟ್ಟ ನಮೂನೆಯಲ್ಲಿ ಬೇರಿಗೆ ಕಾಲಮ್ಮೇ ಇಲ್ಲ. ಎಲೆಗೆ ಇದೆ.

ಅವಳು ವಿಲೆಮನ ಕೋಣೆಗೆ ಹೋದಳು.

"ಇದು ಕುಂಡದ ಅಂಕಿ."

"ಎಲ್ಲ ದೇಶದ ಅಂಕಿ ಸೇರಿಸಿರೋ ದತ್ತಸಂಚಯದಲ್ಲಿ ಹಾಗೆ ಇಲ್ವಲ್ಲ, ಮೇಡಂ."

"ನಾನು ಬರೆದಿದ್ದೆ. ಹಳೇ ಪಟ್ಟಿಗಳನ್ನ ಒಂದುಗೂಡಿಸಿದೋನು ನೀನು. ಟಿಪ್ಪಣಿ ಕಾಲಮ್ ಏನಾಯ್ತು?"

ವಿಲೆಮ್ ಕನ್ನಡಕ ತೆಗೆದು ಒರೆಸಿಕೊಂಡ. "ಒಂದೊಂದು ದೇಶದೋರು ಒಂದೊಂದು ಥರ ಬರೀತಾ ಇದ್ರು. ಅಂಕಿ ಅಲ್ಲದ್ದನ್ನೆಲ್ಲ ಬಿಟ್ಟುಬಿಟ್ವಿ."

"ಗಿಡ ಎಲ್ಲಿ ಬೆಳೀತು ಅನ್ನೋದನ್ನ ಬಿಟ್ಟುಬಿಟ್ರಿ."

"ಒಂದು ಹುಲ್ಲಿನ ಅಂಕಿ ಹೆಚ್ಚುಕಮ್ಮಿ ಆದ್ರೆ ಸರಾಸರಿಗೆ ಏನೂ ಆಗಲ್ಲ ಮೇಡಂ. ಸಹಿ ಬೇಡ ಅಂದ್ರೆ ಬೇಡ. ಹೊಸ ಅಂಕಿ ಇದ್ರೆ ತನ್ನಿ, ಹಾಕೋಣ. ಕೊಳದ ಯೋಜನೆಯ ವಿಚಾರಣೆ ಮುಂದಿನ ಗುರುವಾರ."

ಅಲ್ಲೇ ಇತ್ತು ಕುತ್ತು. ಲಿಪೊವಿನಾದ ಹುಲ್ಲನ್ನು ಹಿಂದಿನ ವಾರವಷ್ಟೇ ಕೊಯ್ದಾಗಿತ್ತು. ಈಗ ಅಲ್ಲಿ ಇದ್ದದ್ದು ಬುಡದಿಂದ ಎದ್ದ ಎಳೆ ಚಿಗುರು. ಅದೂ ತೆಳ್ಳಗೆ, ಮೆತ್ತಗೆ. ಅದನ್ನು ಕಿತ್ತು ಅಳೆದರೆ ಅವಳ ಕೈಯಿಂದಲೇ ವಿಲೆಮನ ತಪ್ಪಿಗೆ ಇನ್ನೊಂದು ಸಾಕ್ಷಿ ಸಿಗುತ್ತಿತ್ತು.

ಹೆಡ್ವಿಕಾ ಬಸ್ಸು ಹಿಡಿದು ಹಳ್ಳಿಗೆ ಹೋದಳು. ಹುಲ್ಲುಗಾವಲು ಮನೆಮನೆಗೆ ಪಟ್ಟೆ ಪಟ್ಟೆಯಾಗಿ ಹಂಚಿದ್ದು. ಬಂಡೆಗಳ ಪಕ್ಕದ ಮೇಲಿನ ಪಟ್ಟೆ ಆನೆಷ್ಕಾ ಅತ್ತೆಯದು. ಯಂತ್ರ ಅಲ್ಲಿಗೆ ಹತ್ತುವುದಿಲ್ಲವೆಂದು ಅವಳ ಅಳಿಯ ಇನ್ನೂ ಉದ್ದ ಹಿಡಿಯ ಕುಡುಗೋಲಿನಿಂದಲೇ ಕೊಯ್ಯುತ್ತಾನೆ. ಆ ಹುಲ್ಲು ಬೇರೆ ಯಾರದರ ಜೊತೆಗೂ ಬೆರೆಯದೆ ಅತ್ತೆಯ ಮೊಲದ ಗೂಡುಗಳ ಮೇಲಿನ ಅಟ್ಟ ಸೇರುತ್ತದೆ. ಹಿಂದಿನ ವಾರ ಕೊಯ್ದ ಬಲಿತ ಎಲೆ ಅಲ್ಲಿತ್ತು.

ಅತ್ತೆ ಅಂಗಳದಲ್ಲಿ ಚೆರ್ರಿ ಹಣ್ಣಿನ ಬೀಜ ತೆಗೆಯುತ್ತಿದ್ದಳು. ಹೆಡ್ವಿಕಾ ವಿಷಯ ಹೇಳಿದಳು.

"ಒಂದು ಕಂತೆ ಹುಲ್ಲು ಬೇಕು ಅತ್ತೆ."

"ದೊಡ್ಡ ಓದು ಓದಿ ಕೊನೆಗೆ ಹುಲ್ಲು ತಿನ್ನೋ ಗತಿ ಬಂತಾ?"

"ನೆನೆಸಿ ಅಳೀಬೇಕು."

"ನೆನೆಸಿದ್ರೆ ಬೂಷ್ಟು ಹಿಡಿಯುತ್ತೆ. ಆಮೇಲೆ ನನ್ನ ಮೊಲ ಹೊಟ್ಟೆ ಉಬ್ಬಿ ಸತ್ರೆ ನೀನು ಬಂದು ಅಳ್ತೀಯ?"

"ವಾಪಸ್ ಕೊಡೋಕಲ್ಲ ಅತ್ತೆ, ಇಟ್ಕೊಳ್ಳೋಕೆ."

ಅತ್ತೆ ಬೆರಳಿನ ಕೆಂಪನ್ನು ಏಪ್ರನ್ನಿಗೆ ಒರೆಸಿಕೊಂಡಳು. "ಆ ಕೊಳ ಬಂದ್ರೆ ನನ್ನ ಪಟ್ಟೇನೇ ಮೊದಲು ಹೋಗೋದು. ಹೌದು ತಾನೆ?"

"ಹೌದು."

"ಹಂಗಾದ್ರೆ ಎರಡು ಕಂತೆ ತಗೋ. ಏಣಿಯ ಮೂರನೇ ಮೆಟ್ಟಿಲು ಮುರಿದಿದೆ, ನೋಡ್ಕೊಂಡು ಹತ್ತು. ನಿನ್ನ ಸೊಂಟ ಮುರಿದ್ರೆ ಜಗಳಕ್ಕೆ ಯಾರು ಹೋಗ್ತಾರೆ?"

ಒಣಗಿದ ಬ್ರೋಮಿನ ಎಲೆ ದಾರದಂತೆ ಸುರುಳಿ ಸುತ್ತಿಕೊಂಡಿರುತ್ತದೆ. ಬೆಚ್ಚನೆಯ ನೀರಿನಲ್ಲಿ ನೆನೆಸಿದರೆ ಬಿಚ್ಚಿಕೊಂಡು ಹೆಚ್ಚುಕಡಿಮೆ ಮೊದಲಿನ ಅಗಲಕ್ಕೆ ಬರುತ್ತದೆ. ಆ 'ಹೆಚ್ಚುಕಡಿಮೆ' ಎಷ್ಟು ಎಂದು ತಿಳಿಯಲು ಅವಳು ಬಂಡೆಯ ಸಂದಿಯಲ್ಲಿ ಕುಡುಗೋಲು ತಪ್ಪಿದ ಬೇರೆ ಜಾತಿಯ ಹುಲ್ಲನ್ನು ಹಸಿಯಾಗಿ ಅಳೆದು, ಒಣಗಿಸಿ, ನೆನೆಸಿ, ಮತ್ತೆ ಅಳೆದಳು. ಹತ್ತರಲ್ಲಿ ಒಂದು ಪಾಲು ಕುಗ್ಗುತ್ತಿತ್ತು. ಅಷ್ಟನ್ನು ವಿಲೆಮನ ಕಡೆಗೇ ಬಿಟ್ಟುಕೊಟ್ಟು ಲೆಕ್ಕ ಹಾಕಿದರೂ ಅತ್ತೆಯ ಪಟ್ಟೆಯ ಎಲೆ ಅಗಲಕ್ಕೆ ಹೋಲಿಸಿದರೆ ಕುಂಡದ ಎಲೆಯ ಎರಡರಷ್ಟು ತೂಗುತ್ತಿತ್ತು. ನಿಧಾನದ ಗಿಡವೇ ಅದು. ಆ ದಿನ ಅವಳ ತಕ್ಕಡಿಯ ಸದ್ದು ಸಂಜೆಯವರೆಗೂ ನಿಲ್ಲಲಿಲ್ಲ. ಪಕ್ಕದ ಕೋಣೆಯವರು ಊಟಕ್ಕೆ ಹೊರಗೆ ಹೋದರು.

ವಿಚಾರಣೆಯ ಕೋಣೆಯಲ್ಲಿ ಯೋಜನೆಯವರು, ಮೂವರು ಅಧಿಕಾರಿಗಳು, ಹಿಂದಿನ ಸಾಲಿನಲ್ಲಿ ಹಳ್ಳಿಯ ಕೆಲವರು. ನಡುವೆ ಕುಳಿತ ಅಧ್ಯಕ್ಷೆ ಸೌಜನ್ಯದವಳು. ಹೆಡ್ವಿಕಾ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು.

"ಡಾಕ್ಟರೇ, ನೀವು ತಂದಿರೋದು ಮೊಲದ ಮೇವು. ಇದು ವಿಧಿವತ್ತಾದ ಮಾದರಿ ಅಲ್ಲ, ಅಲ್ವಾ?"

ಯೋಜನೆಯವರ ಬೆಂಚಿನಲ್ಲಿ ಒಬ್ಬ ನಕ್ಕ.

"ಅಲ್ಲ," ಎಂದಳು ಹೆಡ್ವಿಕಾ. "ಹಸಿಯಾಗಿ ಕೀಳಬೇಕಿತ್ತು, ಒಂದೊಂದು ಗಿಡದ್ದೂ ಬೇರೆ ಬೇರೆ ಇಡಬೇಕಿತ್ತು. ನನ್ನ ವಿದ್ಯಾರ್ಥಿ ಇದನ್ನ ತಂದಿದ್ರೆ ನಾನೂ ಒಪ್ತಿರಲಿಲ್ಲ. ಇದರ ತಪ್ಪು ಎಷ್ಟು ಅಂತ ಹೇಳಿದ್ದೀನಿ. ಆ ವರದಿಯ ತಪ್ಪು ಎಷ್ಟು ಅಂತ ಬರೆದೋರನ್ನ ಕೇಳಿ. ಆ ಹುಲ್ಲು ಎಲ್ಲಿ ಬೆಳೆದದ್ದು ಅಂತ ಕೇಳಿ."

ಅಧ್ಯಕ್ಷೆ ವಿಲೆಮನತ್ತ ತಿರುಗಿದಳು. ವಿಲೆಮ್ ಎದ್ದು ನಿಂತ. ಅವನು ಕೆಟ್ಟವನಲ್ಲ, ಅವಸರದವನು. ಅವಳ ಕೈಕೆಳಗೆ ಕಲಿತ ಮೊದಲ ವರ್ಷ ತೂಗುವಾಗ ಉಸಿರನ್ನೂ ಬಿಗಿಹಿಡಿಯುತ್ತಿದ್ದ ಹುಡುಗ ಅವನೇ. ಅವನು ಸುಳ್ಳು ಹೇಳಿದರೆ ತಡೆಯುವವರು ಯಾರೂ ಇರಲಿಲ್ಲ. ಪಟ್ಟಿಗಳು ಒಂದಾದ ಮೇಲೆ ಆ ಟಿಪ್ಪಣಿ ಎಲ್ಲೂ ಉಳಿದಿರಲಿಲ್ಲ. ಹೆಡ್ವಿಕಾ ಅವನ ಮುಖ ಬಿಟ್ಟು ಬೇರೆ ಕಡೆ ನೋಡಲಿಲ್ಲ.

"ಕುಂಡದಲ್ಲಿ," ಎಂದ ವಿಲೆಮ್. "ಗಾಜಿನ ಮನೆಯಲ್ಲಿ. ಡಾಕ್ಟರ್ ಕುಬೇಶೋವಾ ಬರೆದಿಟ್ಟಿದ್ರು. ಪಟ್ಟಿ ಕೂಡಿಸುವಾಗ ಅದು ನನ್ನಿಂದ ಬಿಟ್ಟುಹೋಯ್ತು."

ಬೆಂಚಿನವನು ನಗಲಿಲ್ಲ. ಅಧಿಕಾರಿಗಳು ತಲೆಗೆ ತಲೆ ಸೇರಿಸಿ ಮಾತಾಡಿಕೊಂಡರು. ಮುಂದಿನ ಜೂನ್‌ನಲ್ಲಿ, ಕೊಯ್ಲಿಗೆ ಮುಂಚೆ, ಹುಲ್ಲುಗಾವಲಿನಲ್ಲೇ ಅಳತೆ ಆಗಬೇಕು. ಅಲ್ಲಿಯವರೆಗೆ ಗುದ್ದಲಿ ಬೀಳಕೂಡದು ಎಂದರು.

ಹಳ್ಳಿಯವರು ಎದ್ದು ಹೆಡ್ವಿಕಾಳ ಕೈ ಕುಲುಕಿದರು. ಅತ್ತೆ, "ಗೆದ್ದೆ ಬಿಡು," ಎಂದಳು.

"ಗೆದ್ದಿಲ್ಲ ಅತ್ತೆ. ಒಂದು ವರ್ಷ ಸಿಕ್ಕಿದೆ ಅಷ್ಟೆ."

"ನನ್ನ ವಯಸ್ಸಲ್ಲಿ ಒಂದು ವರ್ಷ ಅಂದ್ರೆ ಕಮ್ಮಿ ಅಲ್ಲ ಕಣೇ."

ಹೊರಗಿನ ಪಡಸಾಲೆಯಲ್ಲಿ ವಿಲೆಮ್ ಒಬ್ಬನೇ ಬೆಂಚಿನ ಮೇಲೆ ಕುಳಿತಿದ್ದ. ಅವಳನ್ನು ಕಂಡು ಏಳಲು ಹೋದ.

"ಕೂತ್ಕೋ. ಕಂಪ್ಯೂಟರ್ ತೆಗಿ."

"ಈಗಲೇನಾ?"

"ಆರು ವರ್ಷ ಕುಂಡದಲ್ಲಿ ಬೆಳೆಸಿದ್ದೀನಿ ನಾನು. ಬ್ರೋಮ್ ಒಂದೇ ಅಂದ್ಕೊಂಡ್ಯಾ?"

ವಿಲೆಮ್ ಕಂಪ್ಯೂಟರ್ ತೆರೆದ. ಅದು ಈಗ ಹೊಳೆದಿತ್ತು ಅವನಿಗೆ. ಆ ದತ್ತಸಂಚಯವನ್ನು ಎಷ್ಟು ದೇಶದವರು ಬಳಸುತ್ತಾರೆ, ಅವಳ ಅಂಕಿಗಳ ಮೇಲೆ ಎಷ್ಟು ಲೇಖನ ಬಂದಿವೆ, ಎಷ್ಟು ಹುಲ್ಲುಗಾವಲುಗಳು ಅವಸರದ್ದೆಂದು ಅನಿಸಿಕೊಂಡಿವೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ.

"ಎಲ್ಲರಿಗೂ ಬರೆದು ತಿಳಿಸಬೇಕಾಗುತ್ತೆ," ಎಂದ. "ನನ್ನ ಲೇಖನಗಳೂ ಇವೆ ಅದರಲ್ಲಿ."

"ಗೊತ್ತು."

"ನಿಮಗೆ ಇನ್ನೂ ಸಿಟ್ಟು ಹೋಗಿಲ್ಲ."

"ಹೋಗಲ್ಲ. ಹೋಗೋವರೆಗೆ ಕಾಯೋಕೆ ಟೈಮಿಲ್ಲ." ಅವಳು ಚೀಲ ನೆಲಕ್ಕಿಟ್ಟು ಅವನ ಪಕ್ಕದಲ್ಲೇ ಕುಳಿತಳು. "ಮೊದಲನೇ ಗಿಡದ ಹೆಸರು ಓದು. ಕುಂಡವೋ ಗುಡ್ಡವೋ ನಾನು ಹೇಳ್ತೀನಿ."

ವಿಲೆಮ್ ಓದಿದ.

"ಕುಂಡ," ಎಂದಳು ಹೆಡ್ವಿಕಾ. "ಮುಂದಿನದು."